ಐದನೆಯ ವೃತ್ತ

‘ಗೊತ್ತಿಲ್ಲ’ ಎಂಬ ಮಾತನ್ನು ನನ್ನ ಬಾಯಿಂದ ಕೇಳಿದವರು ಮಹದೇವಪುರದಲ್ಲಿ ಯಾರೂ ಇರಲಿಲ್ಲ. ಇದನ್ನು ನಾನು ಹೆಮ್ಮೆಯಿಂದ ಹೇಳುತ್ತಿಲ್ಲ. ಹಾಗೆಂದು ತೀರ ನಾಚಿಕೊಂಡು ಹೇಳುತ್ತಿದ್ದೇನೆ ಎಂದೂ ತಿಳಿಯಬೇಡಿ. ಇದು ಮನೆತನದಿಂದ ಬಂದ ಗುಣ. ನಾವು ಇಲ್ಲಿನ ಹಳೇ ಕುಳ. ಈಗ ಗಾಜಿನ ಕಟ್ಟಡಗಳು ನಿಂತಿರುವ ಕಡೆ ರಾಗಿ ಬೆಳೆಯುತ್ತಿದ್ದ ಕಾಲದಿಂದಲೂ ನಮ್ಮ ಮನೆ ಮೂರು ದಾರಿ ಕೂಡುವ ಮೂಲೆಯಲ್ಲಿದೆ, ಮನೆಯ ಮುಂದೆ ಒಂದು ಕಲ್ಲುಬೆಂಚಿದೆ. ನಮ್ಮಪ್ಪ ಸಂಜೆ ಹೊತ್ತು ಆ ಬೆಂಚಿನ ಮೇಲೆ ಕೂತು ಹೋಗಿಬರುವವರಿಗೆಲ್ಲ ದಾರಿ ತೋರಿಸುತ್ತಿದ್ದ. “ದಾರಿ ಕೇಳ್ದೋರ್ಗೆ ಗೊತ್ತಿಲ್ಲ ಅನ್ಬಾರ್ದು ಕಣ್ಲಾ. ಅಂಗಂದ್ರೆ ಬಾಗ್ಲಿಗ್ ಬಂದೋರ್ನ ನೀರೂ ಕೊಡ್ದೆ ಕಳಿಸ್ದಂಗೆ” ಎಂದು ನನಗೆ ಹೇಳಿಕೊಟ್ಟಿದ್ದ. ಅಪ್ಪನ ಕಾಲದಲ್ಲಿ ಇದ್ದದ್ದು ಮೂರೇ ದಾರಿ. ಒಂದು ತಪ್ಪಾದರೆ ಹಿಂದಿರುಗಿ ಬಂದು ಇನ್ನೊಂದು ಹಿಡಿಯಬಹುದಿತ್ತು, ನಡುವೆ ನಮ್ಮ ಮನೆಯಲ್ಲಿ ಮಜ್ಜಿಗೆಯೂ ಸಿಗುತ್ತಿತ್ತು.

ನಾನು ಆ ಬೆಂಚಿಗೆ ವಾರಸುದಾರನಾಗುವ ಹೊತ್ತಿಗೆ ಊರು ಬದಲಾಗಿತ್ತು, ಉಪದೇಶ ಬದಲಾಗಿರಲಿಲ್ಲ. ದಿನವೂ ಯಾರಾದರೂ ಬಂಡಿ ನಿಲ್ಲಿಸಿ, ಹೆಲ್ಮೆಟ್ ಎತ್ತಿ, ನಾನು ಜನ್ಮದಲ್ಲಿ ಕೇಳದ ಒಂದು ಇಂಗ್ಲಿಷ್ ಹೆಸರಿನ ಅಪಾರ್ಟ್‌ಮೆಂಟನ್ನು ಕೇಳುತ್ತಾರೆ. ನಾನು ಒಂದು ಕ್ಷಣವೂ ತಡಮಾಡದೆ “ನೇರ ಹೋಗಿ ಬಲಕ್ಕೆ” ಎನ್ನುತ್ತೇನೆ. ಹಲ್ಲುನೋವಿನಿಂದ ಕೆನ್ನೆ ಹಿಡಿದುಕೊಂಡು ಬಂದ ಹೆಣ್ಣುಮಗಳೊಬ್ಬಳನ್ನು ಹೀಗೇ ಹೂಡಿಯ ಕಡೆ ಕಳಿಸಿದೆ. ಆಕೆ ಹೋಗಿ ನಿಂತದ್ದು ಒಬ್ಬ ಪಶುವೈದ್ಯರ ಬಾಗಿಲಲ್ಲಿ ಎಂದು ಆಮೇಲೆ ತಿಳಿಯಿತು. ತಿಳಿದದ್ದು ಹೇಗೆಂದರೆ ಆಕೆಯ ಗಂಡ ಬಂದು ಹೇಳಿಹೋದ. ನೌಕರಿಯಲ್ಲೂ ನಾನು ಹೀಗೇ ಇದ್ದೆ. ಸರ್ಕಾರಿ ಕಾರ್ಖಾನೆಯೊಂದರ ಸ್ಟೋರ್ಸ್ ವಿಭಾಗದಲ್ಲಿ ನಿವೃತ್ತಿಯವರೆಗೂ ಕೂತವನು. ಯಾವ ಬೋಲ್ಟು ಕೇಳಿದರೂ, ಯಾವ ಬೇರಿಂಗು ಕೇಳಿದರೂ “ನಾಳೆ ಬರತ್ತೆ” ಎನ್ನುತ್ತಿದ್ದೆ. ಅಷ್ಟು ಧೈರ್ಯವಾಗಿ ಹೇಳುತ್ತಿದ್ದೆನಾದ್ದರಿಂದ ಜನ ನಾಳೆ ಬರುತ್ತಿದ್ದರು, ಬೇರಿಂಗು ಬರುತ್ತಿರಲಿಲ್ಲ.

ಇಂಥ ಮನೆಗೆ ಸೊಸೆಯಾಗಿ ಬಂದವಳು ಪವಿತ್ರ. ನನ್ನ ಮಗ ಕಿರಣನ ಹೆಂಡತಿ. ಕಿರಣನಿಗೆ ಲಿಫ್ಟ್ ರಿಪೇರಿಯ ಕಂಪನಿಯೊಂದರಲ್ಲಿ ಕೆಲಸ. ಸರ್ಜಾಪುರದಿಂದ ಸಿಂಗಸಂದ್ರದವರೆಗೆ ಎಲ್ಲಿ ಯಾರು ನಡುಮಹಡಿಯಲ್ಲಿ ಸಿಕ್ಕಿಹಾಕಿಕೊಂಡರೂ ಇವನು ಓಡಬೇಕು. ಪವಿತ್ರ ಖಾಸಗಿ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದಳು. ಅವಳ ಸ್ವಭಾವ ನನ್ನದಕ್ಕೆ ನೇರ ವಿರುದ್ಧ. ಸಾರಿಗೆ ಉಪ್ಪು ಸಾಕೇ ಎಂದು ಕೇಳಿದರೆ ಅವಳು ಒಂದು ಚಮಚ ಕುಡಿದು, ಯೋಚಿಸಿ, ಇನ್ನೊಂದು ಚಮಚ ಕುಡಿದು, “ನೀವೇ ನೋಡಿ ಅತ್ತೆ” ಎನ್ನುತ್ತಾಳೆ. ಇವತ್ತು ಯಾವ ವಾರ ಎಂದು ಕೇಳಿದರೂ ಕ್ಯಾಲೆಂಡರ್ ನೋಡಿಯೇ ಹೇಳಬೇಕು. ನನ್ನ ಹೆಂಡತಿ ಸರೋಜ ಅವಳನ್ನು ಕಂಡು ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾಳೆ. ಹಾಗೆನ್ನುವಾಗ ನನ್ನ ಕಡೆ ಯಾಕೆ ನೋಡುತ್ತಾಳೋ ನಾನು ವಿಚಾರಿಸಲು ಹೋಗಿಲ್ಲ.

ಈ ಪವಿತ್ರ ಕೆ.ಎ.ಎಸ್. ಪರೀಕ್ಷೆಗೆ ಕಟ್ಟಿದ್ದಾಳೆ. ಯಾಕಮ್ಮ ಅಷ್ಟು ಕಷ್ಟ ಎಂದು ನಾನು ಒಮ್ಮೆ ಕೇಳಿದಾಗ, “ಮೇಜಿನ ಆಚೆ ಕಡೆ ಕೂತ್ಕೊಂಡು ಒಬ್ರಿಗಾದ್ರೂ ‘ನಾಳೆ ಬನ್ನಿ’ ಅನ್ನದೆ ಇರ್ಬೇಕು ಮಾವ, ಅಷ್ಟೇ” ಎಂದಳು. ನನ್ನ ಸ್ಟೋರ್ಸ್ ಪುರಾಣ ಅವಳಿಗೆ ಗೊತ್ತಿರಲಿಲ್ಲ. ನಾನು ಕೆಮ್ಮಿ ಪೇಪರು ತೆರೆದೆ.

ಆ ಪರೀಕ್ಷೆಯ ಸಿಲಬಸ್ಸನ್ನು ಅವಳು ಅಡುಗೆಮನೆಯ ಕಪಾಟಿನ ಬಾಗಿಲಿಗೆ ಅಂಟಿಸಿದ್ದಳು. ಸಾಸಿವೆ ಡಬ್ಬಿ ತೆಗೆಯಲು ಬಾಗಿಲೆಳೆದರೆ ಭಾರತದ ಇತಿಹಾಸ ಪಕ್ಕಕ್ಕೆ ಸರಿಯುತ್ತಿತ್ತು. ಮೊದಲು ಪ್ರಿಲಿಮ್ಸ್, ಒಂದೇ ದಿನ ಎರಡು ಪತ್ರಿಕೆ, ನಾಲ್ಕು ಉತ್ತರಗಳಲ್ಲಿ ಸರಿಯಾದದ್ದರ ಮುಂದಿನ ವೃತ್ತವನ್ನು ಕಪ್ಪು ಮಾಡುವುದು. ಅದರಲ್ಲಿ ಗೆದ್ದರೆ ಮೇನ್ಸ್, ಅಲ್ಲಿ ಪುಟಗಟ್ಟಲೆ ಬರೆಯುವುದು. ಅದರಲ್ಲೂ ಉಳಿದರೆ ವ್ಯಕ್ತಿತ್ವ ಪರೀಕ್ಷೆ. ಅಷ್ಟು ಹೊತ್ತಿಗೆ ಮನುಷ್ಯನಲ್ಲಿ ವ್ಯಕ್ತಿತ್ವ ಎಂಬುದು ಏನು ಉಳಿದಿರುತ್ತದೋ. ವಿಷಯಗಳ ಪಟ್ಟಿ ಓದಿದರೆ ತಲೆ ತಿರುಗುತ್ತದೆ. ಇತಿಹಾಸ, ಭೂಗೋಳ, ಸಂವಿಧಾನ, ಅರ್ಥವ್ಯವಸ್ಥೆ, ವಿಜ್ಞಾನ, ಪರಿಸರ, ಮಾನಸಿಕ ಸಾಮರ್ಥ್ಯ. ಇವುಗಳಲ್ಲಿ ಎಲ್ಲಿಯೂ ಸಿಗದೆ ತಪ್ಪಿಸಿಕೊಂಡದ್ದೇನಾದರೂ ಇದ್ದರೆ ಅದನ್ನು ಹಿಡಿದುಹಾಕಲು ಪ್ರಚಲಿತ ವಿದ್ಯಮಾನ ಎಂಬ ಬಲೆ. ಸರೋಜ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, “ಇಷ್ಟೆಲ್ಲಾ ಗೊತ್ತಿರೋಳು ಆಮೇಲೆ ಕೆಲ್ಸಕ್ಕೆ ಯಾಕ್ರೀ ಹೋಗ್ಬೇಕು? ಮನೇಲಿ ಕೂತ್ರೆ ಜನಾನೇ ಹುಡುಕ್ಕೊಂಡ್ ಬರ್ತಾರೆ” ಎಂದಳು. ಹೇಳಿದಳೇ ಹೊರತು, ಅಂದಿನಿಂದ ಬೆಳಗಿನ ತಿಂಡಿಯನ್ನು ಪೂರ್ತಿ ತಾನೇ ವಹಿಸಿಕೊಂಡಳು. ಟೀವಿ ಧಾರಾವಾಹಿಯನ್ನು ಶಬ್ದ ತೆಗೆದು ನೋಡುವ ಅಭ್ಯಾಸ ಮಾಡಿಕೊಂಡಳು. ಶಬ್ದವಿಲ್ಲದೆಯೂ ಕಥೆ ಪೂರ್ತಿ ಅರ್ಥವಾಗುತ್ತದೆಯಂತೆ.

ಇಷ್ಟು ಓದಿಯೂ ಹಿಂದಿನ ಸಲ ಪವಿತ್ರ ಪ್ರಿಲಿಮ್ಸ್‌ನಲ್ಲೇ ನಿಂತಳು. ಸ್ವಲ್ಪದರಲ್ಲಿ ತಪ್ಪಿತು. ಉತ್ತರಗಳ ಪಟ್ಟಿ ಬಂದ ದಿನ ಅವಳು ಪ್ರಶ್ನೆಪತ್ರಿಕೆ ಹಿಡಿದು ಊಟದ ಮೇಜಿನ ಮುಂದೆ ಕೂತಳು. ಗುರುತು ಮಾಡಿದ್ದೆಲ್ಲ ಬಹುಪಾಲು ಸರಿಯಾಗಿತ್ತು. ಆದರೆ ಎಷ್ಟೋ ಪ್ರಶ್ನೆಗಳನ್ನು ಹಾಗೇ ಖಾಲಿ ಬಿಟ್ಟುಬಂದಿದ್ದಳು. “ಇದಕ್ಕೆ ಏನು ಅನ್ಕೊಂಡಿದ್ದೆ?” ಎಂದು ಕಿರಣ ಒಂದೊಂದಾಗಿ ಕೇಳುತ್ತಾ ಹೋದ. ಅವಳು ಮೆಲ್ಲಗೆ ಹೇಳುತ್ತಾ ಹೋದಳು. ಹೇಳಿದ್ದರಲ್ಲಿ ಮುಕ್ಕಾಲು ಪಾಲು ಸರಿ! “ಮತ್ತೆ ಯಾಕೆ ಬಿಟ್ಟೆ?” “ನೂರಕ್ಕೆ ನೂರು ಗ್ಯಾರಂಟಿ ಇರ್ಲಿಲ್ಲ ಕಣ್ರೀ. ನೆಗೆಟಿವ್ ಮಾರ್ಕಿಂಗ್ ಇದೆಯಲ್ಲ.” ಒಂದು ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಕಾಲುಭಾಗ ಅಂಕ ಕಡಿತ. ಆ ಕಾಲುಭಾಗಕ್ಕೆ ಹೆದರಿ ಅವಳು ಪೂರ್ತಿ ಅಂಕಗಳನ್ನು ಅಲ್ಲೇ ಬಿಟ್ಟುಬಂದಿದ್ದಳು. ಅವಳು ಅಳಲಿಲ್ಲ. ಪತ್ರಿಕೆಯನ್ನು ನಾಲ್ಕಾಗಿ ಮಡಿಸಿ, ಮತ್ತೆ ಬಿಡಿಸಿ, ಮತ್ತೆ ಮಡಿಸಿದಳು. ಆಮೇಲೆ ಅವಳೇ ಹೇಳಿದಳು: “ಇನ್ನೊಂದೇ ಸಲ ಮಾವ. ಅದರ ಮುಂದಿನ ನೋಟಿಫಿಕೇಶನ್ ಬರೋ ಹೊತ್ಗೆ ನನ್ಗೆ ವಯಸ್ಸು ದಾಟಿರತ್ತೆ.”

ಆ ರಾತ್ರಿ ಊಟಕ್ಕೆ ಕೂತಾಗ ಸರೋಜ ನನ್ನ ತಟ್ಟೆಗೆ ಮುದ್ದೆ ಹಾಕುತ್ತಾ ಹೇಳಿದಳು: “ನೋಡ್ರೀ, ಗೊತ್ತಿಲ್ದೇ ಇರೋದನ್ನ ಗೊತ್ತಿರೋ ಥರ ಹೇಳೋದ್ರಲ್ಲಿ ನಿಮ್ಮನ್ನ ಬಿಟ್ರೆ ಇಲ್ಲ. ಮಗೂಗೆ ಒಂಚೂರು ಹೇಳ್ಕೊಡಿ.” ಮದುವೆಯಾದ ಇಷ್ಟು ವರ್ಷಗಳಲ್ಲಿ ಹೆಂಡತಿ ನನ್ನನ್ನು ಯಾವುದಾದರೂ ವಿಷಯದಲ್ಲಿ ಪರಿಣತನೆಂದು ಒಪ್ಪಿಕೊಂಡದ್ದು ಅದೇ ಮೊದಲು. ನಾನು ಎರಡನೆಯ ಮಾತಾಡದೆ ಒಪ್ಪಿದೆ.

ಮೊದಲನೆಯ ಪಾಠವಾಗಿ ನಾವಿಬ್ಬರೂ ಒಂದೇ ಮಾದರಿ ಪತ್ರಿಕೆಗೆ ಕೂತೆವು. ಸರೋಜಳೇ ಮೇಲ್ವಿಚಾರಕಿ, ಅವರೆಕಾಯಿ ಸುಲಿಯುತ್ತಾ ನಮ್ಮಿಬ್ಬರ ಮೇಲೂ ಕಣ್ಣಿಟ್ಟಿದ್ದಳು. ನಾನು ಕಾಲುಗಂಟೆಯಲ್ಲಿ ನೂರು ವೃತ್ತಗಳನ್ನೂ ತುಂಬಿ ಎದ್ದು ಕಾಫಿ ಕುಡಿಯಲು ಹೋದೆ. ಪವಿತ್ರ ಎರಡು ಗಂಟೆ ಕೂತು ಅರ್ಧ ಬಿಟ್ಟಳು. ಕಿರಣ ಮೌಲ್ಯಮಾಪನ ಮಾಡಿ ನನ್ನ ಹಾಳೆಯನ್ನು ಎರಡೆರಡು ಸಲ ಕೂಡಿ ಕಳೆದ. ಆಮೇಲೆ ಗಂಭೀರವಾಗಿ, “ಅಪ್ಪಾ, ಸೊನ್ನೆಗಿಂತ ಕೆಳಗೆ ಬಂದಿದೆ” ಎಂದ. ನೀವೇ ಯೋಚಿಸಿ. ಏನೂ ಓದದ, ಪರೀಕ್ಷೆಗೇ ಬಾರದ, ಮನೆಯಲ್ಲಿ ಹೊದ್ದು ಮಲಗಿದ ಮನುಷ್ಯನಿಗೆ ಸೊನ್ನೆ ಬರುತ್ತದೆ. ನಾನು ಅವನಿಗಿಂತ ಕೆಳಗೆ. ಕಣ್ಣು ಮುಚ್ಚಿ ಗುರುತು ಹಾಕಿದ್ದರೂ ಇದಕ್ಕಿಂತ ಹೆಚ್ಚು ಬರುತ್ತಿತ್ತು ಎಂದು ಕಿರಣ ಲೆಕ್ಕ ಮಾಡಿ ತೋರಿಸಿದ. ನನ್ನ ತೊಂದರೆ ಏನೆಂದರೆ ನಾನು ಕಣ್ಣು ಬಿಟ್ಟುಕೊಂಡು, ಪೂರ್ಣ ವಿಶ್ವಾಸದಿಂದ ತಪ್ಪು ಮಾಡುತ್ತೇನೆ. ಸರೋಜ ಅವರೆಕಾಯಿಯ ಸಿಪ್ಪೆ ಕೊಡವುತ್ತಾ, “ನಿಮ್ಮಿಬ್ರನ್ನೂ ಒಟ್ಟಿಗೆ ರುಬ್ಬಿದ್ರೆ ಒಬ್ಬ ತಹಸೀಲ್ದಾರ್ ಆಗ್ಬೋದಿತ್ತು” ಎಂದಳು.

ಅಷ್ಟರಲ್ಲಿ ಹೊಸ ಸೂಚನೆಯೊಂದು ಬಂತು. ಈ ಸಲ ಪ್ರತಿ ಪ್ರಶ್ನೆಗೂ ಐದು ವೃತ್ತಗಳಂತೆ. ಐದನೆಯದು ಯಾವ ಉತ್ತರವೂ ಅಲ್ಲ. ಉತ್ತರಿಸಲು ಇಷ್ಟವಿಲ್ಲ ಎನ್ನುವವರು ಅದನ್ನು ಕಪ್ಪು ಮಾಡಬೇಕು, ಅದಕ್ಕೆ ಅಂಕ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಐದರಲ್ಲಿ ಯಾವುದನ್ನೂ ತುಂಬದೆ ಖಾಲಿ ಬಿಟ್ಟರೆ ಅದಕ್ಕೂ ಅಂಕ ಕಡಿತ. ನನಗೆ ರೇಗಿಹೋಯಿತು. ಗೊತ್ತಿಲ್ಲ ಎನ್ನುವುದಕ್ಕೂ ಸರ್ಕಾರ ಒಂದು ಪ್ರತ್ಯೇಕ ಜಾಗ ಮಾಡಿ ಕೂರಿಸುವುದೇ! ನಮ್ಮಪ್ಪ ಇದ್ದಿದ್ದರೆ ಪರೀಕ್ಷೆ ನಡೆಸುವ ಆಯೋಗದ ಬಾಗಿಲಿಗೇ ಜಗಳಕ್ಕೆ ಹೋಗುತ್ತಿದ್ದ. ಪವಿತ್ರಳಿಗೋ ಬಿಸಿಲಲ್ಲಿ ನಡೆದವಳಿಗೆ ನೆರಳು ಸಿಕ್ಕಂತಾಯಿತು. ಮನೆಯಲ್ಲಿ ಅಭ್ಯಾಸ ಮಾಡುವಾಗ ಅನುಮಾನ ಬಂತೋ ಇಲ್ಲವೋ, ಪೆನ್ನು ಸೀದಾ ಐದನೆಯ ವೃತ್ತಕ್ಕೆ ಹೋಗುತ್ತಿತ್ತು. ಅದನ್ನು ಎಷ್ಟು ಚೆನ್ನಾಗಿ ತುಂಬುತ್ತಿದ್ದಳೆಂದರೆ, ಗೆರೆ ದಾಟದೆ, ಒಳಗೆ ಬಿಳಿ ಉಳಿಯದೆ, ಒಂದೊಂದೂ ಮೆಣಸಿನ ಕಾಳಿನಂತೆ ಹೊಳೆಯುತ್ತಿತ್ತು. ಹಾಳೆಯ ಬಲಗಡೆಯೆಲ್ಲ ಮೆಣಸು ಚೆಲ್ಲಿದಂತೆ ಕಂಡಾಗ ನನಗೆ ಭಯವಾಯಿತು. ಈ ಹುಡುಗಿ ಈ ಸಲವೂ ಗೊತ್ತಿದ್ದೂ ಗೊತ್ತಿದ್ದೂ ಸೋತುಬರುತ್ತಾಳೆ.

ಪುಸ್ತಕದಿಂದ ಆಗದ ಕೆಲಸ ಬೆಂಚಿನಿಂದ ಆಗುತ್ತದೆಯೇ ನೋಡೋಣವೆಂದು ನಾನು ಅವಳನ್ನು ಸಂಜೆಯ ಹೊತ್ತು ಮನೆಯ ಮುಂದೆ ಕೂರಿಸಿಕೊಂಡೆ. ಷರತ್ತು ಒಂದೇ: ದಾರಿ ಕೇಳಿದವರಿಗೆ ಅವಳೇ ಉತ್ತರ ಹೇಳಬೇಕು, ಗೊತ್ತಿಲ್ಲ ಎನ್ನುವಂತಿಲ್ಲ. ಮೊದಲ ಒಂದೆರಡು ದಿನ ಅವಳು ಬೆವರಿದಳು. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುವ ಹಾಗೆ ಸೆರಗು ಬಾಯಿಗಿಟ್ಟುಕೊಂಡು ಕೂತಳು; ಬಂದವರಿಗೆಲ್ಲ ನಾನೇ ಬಲಕ್ಕೆ ಎಂದೆ. ಒಂದು ದಿನ ಪಾರ್ಸೆಲ್ ತಂದವನೊಬ್ಬ ಬಂಡಿ ನಿಲ್ಲಿಸಿ, “ಸಾರ್, ಲೇಕ್ ವ್ಯೂ ಎಲ್ಲಿ?” ಎಂದ. ನಮ್ಮ ಕಡೆ ಲೇಕ್ ವ್ಯೂ ಎಂಬ ಹೆಸರಿನವು ಮೂರಿವೆ. ಒಂದರಿಂದ ಕೆರೆ ಕಾಣುತ್ತದೆ. ಇನ್ನೊಂದರಿಂದ ಮೊದಲನೆಯದು ಕಾಣುತ್ತದೆ. ಮೂರನೆಯದರಿಂದ ನಮ್ಮ ಮನೆಯ ನೀರಿನ ಟ್ಯಾಂಕ್ ಕಾಣುತ್ತದೆ. ನಾನು ಅಭ್ಯಾಸಬಲದಿಂದ “ನೇರ ಹೋಗಿ ಬಲ...” ಎನ್ನುವಷ್ಟರಲ್ಲಿ ಪವಿತ್ರ ಬಾಯಿ ತೆರೆದಳು.

“ಅಣ್ಣ, ಒಂದ್ನಿಮಿಷ. ಫ್ಲಾಟ್ ಎಷ್ಟನೇ ಮಹಡೀಲಿದೆ?”

“ಹದಿನಾಲ್ಕನೇದು ಮೇಡಂ.”

“ಹಾಗಾದ್ರೆ ಬಲಗಡೇದಲ್ಲ. ಅದಕ್ಕೆ ಲಿಫ್ಟೇ ಇಲ್ಲ ಅಂತ ನಮ್ಮೋರು ಹೇಳ್ತಿದ್ರು. ಪಾರ್ಸೆಲ್ ಏನು?”

“ನಾಯಿ ಊಟ ಮೇಡಂ.”

ಅವಳು ಕಣ್ಣು ಮುಚ್ಚಿ ಯೋಚಿಸಿದಳು. “ಕೆರೆ ಪಕ್ಕದ್ರಲ್ಲಿ ನಾಯಿ ಸಾಕೋದು ಬೇಡ ಅಂತ ಮೊನ್ನೆ ದೊಡ್ಡ ಗಲಾಟೆ ಆಯ್ತು. ಅದೂ ಅಲ್ಲ. ಬಹುಶಃ... ಎಡಗಡೆ ಇದೆಯಲ್ಲ, ನೀಲಿ ಗೇಟಿಂದು, ಅದೇ.”

ಆತ ಹೋದ. ಹೋದವನು ಸ್ವಲ್ಪ ಹೊತ್ತಿಗೆ ವಾಪಸು ಬರುವಾಗ ಕೈ ಎತ್ತಿ “ಥ್ಯಾಂಕ್ಸ್ ಅಕ್ಕಾ!” ಎಂದು ಕೂಗಿಕೊಂಡು ದಾಟಿದ. ನಮ್ಮ ಬೆಂಚಿನ ಮುಂದೆ ಒಬ್ಬ ಮನುಷ್ಯ ನಗುಮುಖದಿಂದ ಹಿಂದಿರುಗಿದ್ದನ್ನು ನಾನು ಕಂಡದ್ದು ಅಪರೂಪ. ಅದಕ್ಕಿಂತ ನನ್ನನ್ನು ಕಾಡಿದ್ದು ಅವಳಾಡಿದ ‘ಬಹುಶಃ’ ಎಂಬ ಮಾತು. ನಮ್ಮ ಮನೆಯಲ್ಲಿ ಅದು ಅಲ್ಲಿಯವರೆಗೆ ಇರಲೇ ಇಲ್ಲ. ನನ್ನಲ್ಲಿ ‘ಖಂಡಿತ’ ಇತ್ತು, ಅವಳಲ್ಲಿ ಮೌನ ಇತ್ತು. ದಾರಿ ಹೇಳುವ ಮೊದಲು ಎದುರಿನವನಿಗೂ ಒಂದು ಪ್ರಶ್ನೆ ಕೇಳಬಹುದು ಎನ್ನುವುದು ನನಗಾಗಲಿ ನಮ್ಮಪ್ಪನಿಗಾಗಲಿ ಯಾವತ್ತೂ ಹೊಳೆದಿರಲಿಲ್ಲ. ಆ ರಾತ್ರಿ ಅವಳ ಮಾದರಿ ಪತ್ರಿಕೆಯಲ್ಲಿ ಮೆಣಸಿನ ಕಾಳು ಕಡಿಮೆಯಾಗಿತ್ತು.

ಪರೀಕ್ಷೆ ಭಾನುವಾರ. ಕೇಂದ್ರ ಎಲ್ಲೋ ಪೀಣ್ಯದ ಕಡೆ ಒಂದು ಕಾಲೇಜು; ಊರಿನ ಈ ತುದಿಯವರಿಗೆ ಆ ತುದಿ ಕೊಡುವುದು ಯಾವ ಮಾನಸಿಕ ಸಾಮರ್ಥ್ಯದ ಪರೀಕ್ಷೆಯೋ. ಕಿರಣನಿಗೆ ಅವತ್ತು ಎಲ್ಲೋ ಲಿಫ್ಟು ಕೆಟ್ಟಿತ್ತು. ನಾನೇ ಜೊತೆಗೆ ಹೊರಟೆ. ಪರೀಕ್ಷೆಯ ಕೋಣೆಯೊಳಗೆ ಒಡವೆ, ಫೋನು ಬಿಡುವುದಿಲ್ಲವೆಂದು ಅವಳು ಕಿವಿಯ ಓಲೆಯನ್ನೂ ತನ್ನ ಫೋನನ್ನೂ ಮನೆಯಲ್ಲೇ ಇಟ್ಟಳು. ನನ್ನದು ಗುಂಡಿ ಒತ್ತುವ ಹಳೆಯ ಫೋನು, ಅದರಲ್ಲಿ ಮ್ಯಾಪ್ ಇಲ್ಲ. “ಮ್ಯಾಪ್ ಯಾಕಮ್ಮ, ನಾನಿಲ್ವಾ? ಪೀಣ್ಯ ನನ್ಗೆ ಅಂಗೈ ಇದ್ದಂಗೆ” ಎಂದೆ. ಸರೋಜ ಬಾಗಿಲಲ್ಲಿ ನಿಂತು ದೇವರಿಗೆ ಕೈ ಮುಗಿದಳು. ಆ ನಮಸ್ಕಾರ ಪ್ರಶ್ನೆಪತ್ರಿಕೆಗೋ ನನಗೋ ಗೊತ್ತಾಗಲಿಲ್ಲ.

ಮೆಟ್ರೊ ಹಿಡಿದು, ಮೆಜೆಸ್ಟಿಕ್ಕಿನಲ್ಲಿ ಬದಲಿಸಿ, ಪೀಣ್ಯದಲ್ಲಿಳಿದು ಆಟೋ ಹತ್ತಿದೆವು. ಭಾನುವಾರವಾದ್ದರಿಂದ ಕಾರ್ಖಾನೆಗಳ ಬಾಗಿಲೆಲ್ಲ ಮುಚ್ಚಿ, ಷೆಡ್ಡುಗಳೆಲ್ಲ ಒಂದೇ ಥರ ಕಾಣುತ್ತಿದ್ದವು. ಒಂದು ಕವಲು ಬಂತು. ಚಾಲಕ ತಿರುಗಿ, “ಸಾರ್, ಈ ಕಾಲೇಜು ನಂಗೊತ್ತಿಲ್ಲ. ಎಡಕ್ಕಾ ಬಲಕ್ಕಾ?” ಎಂದ.

“ಎಡಕ್ಕೆ” ಎಂದೆ. ಗಂಟೆ ಹೊಡೆದ ಹಾಗೆ ಬಂತು ಮಾತು.

ಆಟೋ ಎಡಕ್ಕೆ ತಿರುಗಿತು. ಒಂದು ಷೆಡ್ಡು, ಇನ್ನೊಂದು ಷೆಡ್ಡು, ಮಲಗಿದ ಲಾರಿಗಳು. ಪವಿತ್ರ ವಾಚು ನೋಡಿಕೊಂಡಳು. ಆಮೇಲೆ ಚಾಲಕನಿಗೆ, “ಅಣ್ಣ, ಒಂದ್ನಿಮಿಷ ನಿಲ್ಸಿ” ಎಂದು, ನನ್ನ ಕಡೆ ತಿರುಗಿ ಬಹಳ ಮೆತ್ತಗೆ ಕೇಳಿದಳು: “ಮಾವ, ಇದು ನಿಮ್ಗೆ ಗೊತ್ತಿರೋದಾ, ಇಲ್ಲಾ ಬೆಂಚಿಂದಾ?”

ನಾನು ಮೇಷ್ಟರ ಮುಂದೆ ನಿಂತ ಹುಡುಗನ ಹಾಗೆ ಚಪ್ಪಲಿ ನೋಡುತ್ತಾ ಕೂತೆ. ನನ್ನ ಒಂದು ‘ಎಡಕ್ಕೆ’ ಇವಳ ಇಷ್ಟು ವರ್ಷದ ಓದನ್ನು ಗೇಟಿನ ಹೊರಗೆ ನಿಲ್ಲಿಸಿಬಿಟ್ಟರೆ? ಅವಳು ಬೈಯಲಿಲ್ಲ. ಆಟೋದಿಂದ ತಲೆ ಹೊರಹಾಕಿ ಹಿಂದಕ್ಕೆ ನೋಡಿದಳು. “ಅಣ್ಣ, ಇವತ್ತು ಇಲ್ಲಿ ಕಾರ್ಖಾನೆಗೆಲ್ಲಾ ರಜಾ ತಾನೆ?” “ಹೂಂ ಮೇಡಂ, ಒಂದ್ ನರಪಿಳ್ಳೇನೂ ಬರಲ್ಲ.” “ಅಲ್ನೋಡಿ, ಆ ಬಲಗಡೆ ರಸ್ತೇಲಿ ಎಷ್ಟು ಜನ ನಡೀತಿದಾರೆ. ಕೈಯಲ್ಲಿ ಪ್ಲಾಸ್ಟಿಕ್ ಕವರ್, ಕಿವೀಲಿ ಓಲೆ ಇಲ್ಲ. ರಜಾ ದಿನ ಆ ಥರ ಇಲ್ಲಿಗೆ ಬರೋದು ನನ್ನಂಥೋರು ಮಾತ್ರ. ತಿರುಗ್ಸಿ ಅಣ್ಣ, ಬಲಕ್ಕೆ.”

ಬಲಕ್ಕೇ ಇತ್ತು. ಗೇಟು ಮುಚ್ಚುವ ಮೊದಲು ಅವಳು ಒಳಗೆ ಹೋದಳು. ಹೋಗುವ ಮುಂಚೆ ಬಗ್ಗಿ ನನ್ನ ಕಾಲು ಮುಟ್ಟಿದಳು. ನನಗೆ ನಾಚಿಕೆಯಿಂದ ಕಾಲು ಹಿಂದಕ್ಕೆಳೆದುಕೊಳ್ಳುವಂತಾಯಿತು. ಸಂಜೆಯವರೆಗೆ ಆಚೆಯ ಅಂಗಡಿಯ ಮುಂದೆ ಬೇರೆ ಅಪ್ಪಂದಿರು, ಗಂಡಂದಿರು, ಅಣ್ಣಂದಿರ ಜೊತೆ ಕೂತಿದ್ದೆ. ಎಲ್ಲರೂ ತಮ್ಮವರು ಖಂಡಿತ ಪಾಸಾಗುತ್ತಾರೆ ಎನ್ನುತ್ತಿದ್ದರು. ಆ ಮಾತನ್ನು ಬೇರೆಯವರ ಬಾಯಲ್ಲಿ ಕೇಳಿದಾಗ ಅದರಲ್ಲಿ ಎಷ್ಟು ಭಯ ಇರುತ್ತದೆ ಎನ್ನುವುದು ನನಗೆ ಅವತ್ತು ತಿಳಿಯಿತು.

ಎರಡನೆಯ ಪತ್ರಿಕೆ ಮುಗಿಸಿ ಬಂದವಳ ಮುಖ ಬಾಡಿತ್ತು, ಬೆರಳಿನ ತುದಿ ಇಂಕಾಗಿತ್ತು. ಐದನೆಯದು ಎಷ್ಟಾಯಿತು ಎಂದು ಕೇಳಿದೆ. “ಸ್ವಲ್ಪ ಮಾವ. ನಿಜವಾಗ್ಲೂ ಗೊತ್ತಿಲ್ದೇ ಇದ್ದಿದ್ದಕ್ಕೆ ಮಾತ್ರ. ಮಿಕ್ಕಿದ್ದಕ್ಕೆಲ್ಲಾ ಬಹುಶಃ ಹಾಕ್ದೆ” ಎಂದು ನಕ್ಕಳು. ಮೆಜೆಸ್ಟಿಕ್ಕಿನಲ್ಲಿ ಬದಲಿಸಿದ ಮೇಲೆ ಮೆಟ್ರೊದಲ್ಲಿ ಪಕ್ಕಪಕ್ಕ ಜಾಗ ಸಿಕ್ಕಿತು. ಅವಳು ಇದ್ದಕ್ಕಿದ್ದಂತೆ, “ಮಾವ, ಪಾಸಾಗ್ತೀನಾ?” ಎಂದಳು. ಅವಳಮ್ಮ ಆಗಲೇ ನನ್ನ ಫೋನಿಗೆ ಕರೆಮಾಡಿ ‘ಖಂಡಿತ ಆಗ್ತಾಳೆ’ ಎಂದಿದ್ದರು. ಕಿರಣನೂ ಎಂದಿದ್ದ, ಸರೋಜಳೂ ಎಂದಿದ್ದಳು. ನನ್ನ ಬಾಯಲ್ಲೂ ಆ ಮಾತು ತಯಾರಾಗಿ ನಿಂತಿತ್ತು. ಜೀವಮಾನದಲ್ಲಿ ಅಷ್ಟು ಆಸೆಯಿಂದ ಇನ್ನಾವ ಉತ್ತರವನ್ನೂ ಹೇಳಬೇಕೆನ್ನಿಸಿರಲಿಲ್ಲ. ಆದರೆ ಕೇಳುತ್ತಿರುವವಳು ದಾರಿಹೋಕಳಲ್ಲ.

“ಗೊತ್ತಿಲ್ಲಮ್ಮ” ಎಂದೆ.

“ಇವತ್ತು ಇದೊಂದು ಉತ್ತರ ನಂಬ್ಬೋದು ಅನ್ಸತ್ತೆ” ಎಂದು ನನ್ನ ಹೆಗಲಿಗೆ ತಲೆಯಿಟ್ಟು ಮಲಗಿದವಳು ನಾವಿಳಿಯುವ ನಿಲ್ದಾಣ ಬರುವವರೆಗೂ ಏಳಲಿಲ್ಲ.

ಫಲಿತಾಂಶ ಇನ್ನೂ ಬಂದಿಲ್ಲ. ಕಪಾಟಿನ ಬಾಗಿಲ ಮೇಲೆ ಈಗ ಮೇನ್ಸ್‌ನ ಸಿಲಬಸ್ ಬಂದು ಕೂತಿದೆ. ಅಲ್ಲಿ ವೃತ್ತಗಳಿಲ್ಲ, ಎಲ್ಲವನ್ನೂ ಬರೆದೇ ತೋರಿಸಬೇಕು. ಬೀದಿಯಲ್ಲಿ ಯಾರಾದರೂ “ಏನ್ ಸಾರ್, ಸೊಸೆ ಆಫೀಸರ್ ಆಗ್ತಾರಾ?” ಎಂದು ಕೇಳಿದರೆ ನಾನು ಅಚ್ಚುಕಟ್ಟಾಗಿ, ಗೆರೆ ದಾಟದಂತೆ ಐದನೆಯ ವೃತ್ತ ತುಂಬುತ್ತೇನೆ. ಹಾಗಾದರೆ ಮುದುಕ ಸುಧಾರಿಸಿದ ಎಂದು ನೀವು ತಿಳಿಯುವುದು ಸಹಜ. ನಿನ್ನೆ ಸಂಜೆ ಬೆಂಚಿನ ಮೇಲೆ ಕೂತಿದ್ದೆ, ಪವಿತ್ರ ಪಕ್ಕದಲ್ಲಿ ಓದುತ್ತಿದ್ದಳು. ಒಬ್ಬಾತ ಕಾರಿನ ಗಾಜಿಳಿಸಿ ನಾನು ಕೇಳೇ ಇಲ್ಲದ ಯಾವುದೋ ಅಪಾರ್ಟ್‌ಮೆಂಟಿನ ಹೆಸರು ಹೇಳಿದ. ನಾನು ಗಲ್ಲ ಕೆರೆದು, ಕಣ್ಣು ಮುಚ್ಚಿ, ಸಾಕಷ್ಟು ಯೋಚಿಸಿದ ಮೇಲೆಯೇ, “ಬಹುಶಃ... ನೇರ ಹೋಗಿ ಬಲಕ್ಕೆ” ಎಂದೆ. ಪವಿತ್ರ ಪುಸ್ತಕದಿಂದ ತಲೆ ಎತ್ತದೆ, “ಸಾರ್, ಒಂದ್ನಿಮಿಷ ಇರಿ” ಎಂದಳು.